ಕಾಕಾ ನೋಡುತ್ತಿದ್ದ ಹೊಗೆ

ನಮ್ಮ ಕಾಕಾನಿಗೆ ವಾಳಪೈ ಪೇಟೆಯ ಜನರ ಮುಖಕ್ಕಿಂತ ಅವರ ಕಾರುಗಳ ಹಿಂಭಾಗದ ಪರಿಚಯವೇ ಹೆಚ್ಚಾಗಿತ್ತು. ಎಂಬತ್ತರ ದಶಕದ ಮಾತು. ಅಲ್ಲಿ ಅವನದೊಂದು ಬಟ್ಟೆ ಅಂಗಡಿ. ರಸ್ತೆಯಲ್ಲಿ ಕಾರೊಂದು ಕೆಮ್ಮಿದರೆ ಸಾಕು, ಗಿರಾಕಿಯ ಮುಂದೆ ಬಿಚ್ಚಿದ ಸೀರೆಯನ್ನು ಹಾಗೇ ಬಿಟ್ಟು ಓಡಿಹೋಗಿ ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಇಷ್ಟಕ್ಕೂ ಅವನ ಸ್ವಂತ ವಾಹನ ಯಾವುದು? ಸೈಕಲ್. ಹರೆಯದಲ್ಲಿ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದವನನ್ನು ಅವನ ಅಣ್ಣ, ಅಂದರೆ ನಮ್ಮಪ್ಪ, ಎಳೆತಂದು ಗೋವಾದ ಈ ಅಂಗಡಿಯಲ್ಲಿ ಕೂಡಿಸಿದ್ದ. ಮೈ ಬಂತು, ಮನಸ್ಸು ಗ್ಯಾರೇಜಿನಲ್ಲೇ ಉಳಿಯಿತು.

"ಕರಿ ಹೊಗಿ ಬಂದ್ರ ಪೆಟ್ರೋಲ್ ಹೆಚ್ಚಾಗೇತಿ, ಗಾಳಿ ಸಾಲವಲ್ದು. ನೀಲಿ ಬಂದ್ರ ಎಣ್ಣಿ ಸುಡಾಕತ್ತೈತಿ. ಬಿಳಿ ಹೊಗಿ ಮುಂಜಾನಿ ಥಂಡಿಗೆ ಬಂದು ಹೋದ್ರ ಚಿಂತಿಲ್ಲ. ಇಂಜಿನ್ ಬಿಸಿ ಆದ ಮ್ಯಾಲೂ ನಿಲ್ಲಲಿಲ್ಲಂದ್ರ ಒಳಗ ನೀರು ಹೊಕ್ಕೈತಿ." ರವಿಕೆ ಬಟ್ಟೆಗೆ ಬಂದ ಹೆಂಗಸರಿಗೂ ಈ ಪಾಠ ತಪ್ಪುತ್ತಿರಲಿಲ್ಲ.

ಒಮ್ಮೆ ಗಣಿ ಊರಾದ ಉಸಗಾಂವದ ನಮ್ಮ ಮನೆಗೆ ಅಕ್ಕನನ್ನು ನೋಡಲು ಗಂಡಿನವರು ಕಾರಿನಲ್ಲಿ ಬಂದರು. ಎಲ್ಲ ಸುಸೂತ್ರವಾಯಿತು. ಹೊರಡುವಾಗ ಕಾರು ನೀಲಿ ಹೊಗೆ ಬಿಟ್ಟಿತು. ಕಾಕಾ ಸುಮ್ಮನಿರುತ್ತಾನೆಯೇ? ಕಿಟಕಿಗೆ ಬಗ್ಗಿ ಹುಡುಗನ ಅಪ್ಪನಿಗೆ ಹೇಳಿದ: "ಎಣ್ಣಿ ಕುಡಿಯೂದು ಭಾಳ ಆಗೇತ್ರಿ. ಈಗಲೇ ನೋಡ್ಕೋರಿ, ಇಲ್ಲಾಂದ್ರ ಒಳಗಿಂದೆಲ್ಲಾ ಹಾಳಾಗತೈತಿ."

ಆತನ ಮುಖ ಬಿಳಿಚಿತು. "ಯಾರ ಹೇಳಿದ್ರಿ ನಿಮಗ? ಹುಡುಗ ಬಿಟ್ಟು ಭಾಳ ದಿನ ಆತ್ರಿ."

ಸಂಬಂಧ ಅಲ್ಲಿಗೇ ಮುಗಿಯಿತು. ಅಕ್ಕ ಅಂದು ಕಾಕಾನಿಗೆ ಕೇಳದೆಯೇ ಇನ್ನೊಂದು ಹೋಳಿಗೆ ಬಡಿಸಿದಳು.

ಆಮೇಲೆ ಅಪ್ಪ ಹಳೆಯದೊಂದು ಕಾರು ಕೊಂಡ. ಪೂಜೆಗೆ ನೆಂಟರೆಲ್ಲ ಸೇರಿದ್ದರು. ಕಾಕಾ ಸೈಲೆನ್ಸರಿನ ಹಿಂದೆ ಕೂತು ಬಹಳ ಹೊತ್ತು ನೋಡಿ, "ಅಣ್ಣಾ, ಬಿಳಿ ಹೊಗಿ ನಿಲ್ಲವಲ್ದು. ಈ ಗಾಡಿ ವಾಪಸ್ ಕೊಡು" ಎಂದ.

ಅಪ್ಪನ ಮುಖ ಕೆಂಪೇರಿತು. "ನಾ ಕಾರ್ ತಗೊಂಡಿದ್ದು ನಿನಗ ಹೊಟ್ಟಿಕಿಚ್ಚು" ಎಂದ, ನೆಂಟರೆಲ್ಲರ ಎದುರಿಗೆ. ಕಾಕಾ ಕೈ ಒರೆಸಿಕೊಂಡ. ಊಟಕ್ಕೂ ನಿಲ್ಲದೆ ಹೋದ.

ಅನಮೋಡ ಘಾಟಿನಲ್ಲಿ ಆ ಕಾರು ಕುದ್ದು ನಿಂತಿತು. ಇಂಜಿನ್ನಿನೊಳಗೆ ನೀರು ಹೊಕ್ಕಿತ್ತು. ಕಾಕಾ ಹೇಳಿದ್ದು ಸುಳ್ಳಾಗಿದ್ದರೆ ಅಪ್ಪ ಮರುವಾರವೇ ಕ್ಷಮಿಸುತ್ತಿದ್ದ. ಖರೆಯಾಗಿತ್ತು, ಅದೇ ತೊಂದರೆಯಾಯಿತು. ಅಣ್ಣತಮ್ಮಂದಿರ ಮಾತು ನಿಂತು ವರ್ಷಗಳು ಹೋದವು. ಕಾಕಾ ಈಗ ಯಾವ ಕಾರಿಗೂ ಎದ್ದು ಬರುವುದಿಲ್ಲ, ರಸ್ತೆಯ ಕಡೆ ಮುಖವನ್ನೇ ತಿರುಗಿಸುವುದಿಲ್ಲ ಎಂದು ಯಾರೋ ಹೇಳಿದರು. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡೆವು.

ತೊಂಬತ್ತರ ದಶಕದಲ್ಲಿ ಒಂದು ದಿನ ಅಪ್ಪ ಬೇರೆ ಕಾರಿನಲ್ಲಿ ನನ್ನನ್ನು ಕೂಡಿಸಿಕೊಂಡು ವಾಳಪೈಗೆ ಹೊರಟ. ಕಾಕಾನ ಅಂಗಡಿಯ ಎದುರು ನಿಲ್ಲಿಸಿ, ಇಳಿಯದೆ, ಸುಮ್ಮನೆ ಎಕ್ಸಿಲರೇಟರ್ ಒತ್ತತೊಡಗಿದ. ಹಿಂದೆ ಹೊಗೆ ಎದ್ದಿತು. ತಮ್ಮ ತಡೆಯಲಾರದೆ ಓಡಿ ಬರುತ್ತಾನೆಂದು ಕಾಯುತ್ತಿದ್ದ. ಯಾರೂ ಬರಲಿಲ್ಲ. ಕೊನೆಗೆ ಇಂಜಿನ್ ಚಾಲೂ ಇಟ್ಟು ಅಪ್ಪನೇ ಒಳಗೆ ಹೋದ. ಹಿಂದೆಯೇ ನಾನು.

ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಕಾಕಾ ನಮ್ಮ ಕಡೆಗೇ ಮುಖ ಮಾಡಿ, "ಏನ್ ಬೇಕಾಗಿತ್ರಿ?" ಎಂದ.

"ಭಾವಾರು ಬಂದಾರ" ಎಂದಳು ಅವನ ಹೆಂಡತಿ, ನಮ್ಮ ಕಾಕು, ಮೆಲ್ಲಗೆ. ಆಮೇಲೆ ನಮಗೆ, "ಸಕ್ರಿ ಕಾಯಿಲಿ ಕಣ್ಣಿಗೆ ಇಳೀತು. ನಿಮಗ ಹೇಳಬ್ಯಾಡ ಅಂದಿದ್ರು."

ಅಪ್ಪ ತಮ್ಮನ ಹತ್ತಿರಕ್ಕೆ ಹೋದ. "ಗಾಡಿ ಹೊಗಿ ಬಿಡಾಕತ್ತೈತೋ ತಮ್ಮಾ" ಎಂದ.

ಕಾಕಾ ಕೈ ಚಾಚಿದ. ಅಪ್ಪನ ತೋಳು ಹಿಡಿದು ಹೊರಗೆ ಬಂದು ಕಾರಿನ ಹಿಂದೆ ಕೂತ. "ಬಣ್ಣ ಕಾಣವಲ್ದು ಅಣ್ಣಾ. ನೀನೇ ನೋಡಿ ಹೇಳು."

ಇಸ್ತ್ರಿ ಮಾಡಿದ ಧೋತರದಲ್ಲೇ ಅಪ್ಪ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಕರಿ ಐತಿ."

"ಛಲೋತಂಗ ನೋಡು. ಕರಿಯೋ, ನೀಲಿಯೋ?"

"ಕರಿನ ಐತಿ."

"ಹಂಗಾರ ಭಾಳೇನಿಲ್ಲ. ನಿಮ್ಮೂರ ಗಣಿ ಧೂಳು ಏರ್ ಫಿಲ್ಟರಿಗೆ ಕಟ್ಟಿರಬೇಕು. ಝಾಡಿಸಿದ್ರ ಹೋಗತೈತಿ."

ನಾನು ಹೋಗಿ ಇಂಜಿನ್ ಬಂದ್ ಮಾಡಿದೆ. ಹೊಗೆ ಕರಗಿತು. ಅವರಿಬ್ಬರೂ ಏಳಲಿಲ್ಲ.