ಐದು ದಿನದ ರಾಜಧಾನಿ

ಎರಡು ಸಾವಿರದ ಹನ್ನೊಂದನೆಯ ಇಸವಿ ಜುಲೈ ಹನ್ನೊಂದು, ಸೋಮವಾರ. ಮಳೆಗಾಲ ಆರಂಭವಾಗಿ ಮೂರು ವಾರ ಕಳೆದಿದ್ದವು. ಬೆಳಗಿನಿಂದ ಹಿಡಿದಿದ್ದ ಜಿಟಿಜಿಟಿ ಮಳೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಿಂತಿತು. ಸರಿಯಾಗಿ ಒಂಬತ್ತೂವರೆಗೆ ಭೂಗೋಳದ ಮೇಷ್ಟ್ರು ದಿನಪತ್ರಿಕೆಯನ್ನು ನಾಲ್ಕಾಗಿ ಮಡಿಸಿ, ಕನ್ನಡಕ ತೆಗೆದು, ಪರೀಕ್ಷಾ ಮಂಡಳಿಯನ್ನು ಮಂಡಿಯೂರಿಸುವುದಾಗಿ ಶಪಥ ಮಾಡಿದರು.

ಮೇಷ್ಟ್ರು ನಿವೃತ್ತರಾಗಿ ಅಂದಿಗೆ ಹದಿನಾಲ್ಕು ವರ್ಷ, ಎರಡು ತಿಂಗಳು, ಹನ್ನೊಂದು ದಿನ. ನಿವೃತ್ತರಾದದ್ದು ಶಾಲೆಯಿಂದ, ಭೂಗೋಳದಿಂದಲ್ಲ. ಈ ಕಥೆ ನಡೆದ ದೇಶದ ಇಪ್ಪತ್ತಮೂರು ರಾಜ್ಯಗಳನ್ನೂ ಕೇಂದ್ರದ ಆಳ್ವಿಕೆಗೆ ಒಳಪಟ್ಟ ನಾಲ್ಕು ಪ್ರದೇಶಗಳನ್ನೂ ನಡುಮನೆಯ ಗೋಡೆಯ ಮೇಲೆ ತಾವೇ ಬಣ್ಣದಲ್ಲಿ ಬರೆದಿದ್ದರು. ಒಂದಕ್ಕೂ ಹೆಸರಿಲ್ಲ, ಬರಿಯ ಸಂಖ್ಯೆ. ರಾಜಧಾನಿಗೆ ಒಂದೊಂದು ಕೆಂಪು ಚುಕ್ಕೆ. ಹೆಸರು ಬರೆದಿಟ್ಟರೆ ನೆನಪು ಸೋಮಾರಿಯಾಗುತ್ತದೆ ಎಂಬುದು ಅವರ ಸಿದ್ಧಾಂತ. ಹೀಗಾಗಿ ಆ ಮನೆಯವರು ದೇಶವನ್ನು ಅಂಕಿಗಳಲ್ಲೇ ಬಲ್ಲರು. ಅವರ ಹೆಂಡತಿ ತಮ್ಮ ಸ್ವಂತ ತಂಗಿಯನ್ನು ಕೂಡ “ಏಳರಲ್ಲಿರೋಳು” ಎನ್ನುತ್ತಿದ್ದರು.

ಸೊಸೆ ಭೂಮಾಪನ ಕಚೇರಿಯಲ್ಲಿ ಎಂಟು ವರ್ಷದಿಂದ ಹಂಗಾಮಿ ಗುಮಾಸ್ತೆ. ಬೇರೆಯವರು ಬಿಡಿಸಿ ಬಿಸಾಡಿದ ನಕ್ಷೆಗಳನ್ನು ಮಡಿಸಿಡುವುದು ಅವಳ ಕೆಲಸ. ಪ್ರತಿ ಮಾರ್ಚ್‌ನಲ್ಲಿ ಕೆಲಸ ಮುಗಿಯಿತೆಂದು ಕಾಗದ ಬರುತ್ತಿತ್ತು, ಏಪ್ರಿಲ್‌ನಲ್ಲಿ ಮತ್ತೆ ಬನ್ನಿ ಎಂದು ಇನ್ನೊಂದು ಬರುತ್ತಿತ್ತು. ಅದೇ ಕಚೇರಿಯ ಕಾಯಂ ಹುದ್ದೆಗೆ ಜೂನ್ ಇಪ್ಪತ್ತಾರರ ಭಾನುವಾರ ಪರೀಕ್ಷೆ ನಡೆದಿತ್ತು. ವಯೋಮಿತಿ ಮೂವತ್ತೈದು, ಅವಳಿಗೆ ಅದು ಸೆಪ್ಟೆಂಬರ್ ಮೂವತ್ತಕ್ಕೆ ತುಂಬುತ್ತಿತ್ತು. ಮುಂದಿನ ಪರೀಕ್ಷೆ ಯಾರದ್ದೋ, ಅವಳದ್ದಲ್ಲ.

ಆದ್ದರಿಂದ ಅವಳನ್ನು ಸಿದ್ಧಪಡಿಸುವ ಹೊಣೆಯನ್ನು ಮೇಷ್ಟ್ರು ಯಾರೂ ಕೇಳದಿದ್ದರೂ ಹೊತ್ತಿದ್ದರು. ಐದು ತಿಂಗಳ ಕಾಲ, ಸಂಜೆ ಏಳಕ್ಕೆ, ಅವಳು ಕಚೇರಿಯ ಚೀಲ ಕೆಳಗಿಡುವ ಮುಂಚೆಯೇ ಬೆತ್ತದ ತುದಿ ಗೋಡೆಯ ಮೇಲಿರುತ್ತಿತ್ತು.

ಗೊಂದಲವಿದ್ದದ್ದು ಹನ್ನೊಂದನೆಯ ರಾಜ್ಯದಲ್ಲಿ. ಅದರ ರಾಜಧಾನಿ ಕಡಲ ಬದಿಯ ಬಂದರು. ಸಮುದ್ರ ವರ್ಷವರ್ಷವೂ ಸಚಿವಾಲಯದ ಮೆಟ್ಟಿಲು ಹತ್ತತೊಡಗಿದ್ದರಿಂದ ರಾಜಧಾನಿಯನ್ನು ಬೆಟ್ಟದ ಮೇಲಿನ ಪಟ್ಟಣಕ್ಕೆ ಸಾಗಿಸುವ ಕಾಯಿದೆ ಮಾರ್ಚ್ ಹದಿನಾಲ್ಕಕ್ಕೆ ಆಯಿತು. ಪತ್ರಿಕೆಗಳು ಮರುದಿನದಿಂದಲೇ ಬೆಟ್ಟವನ್ನು ರಾಜಧಾನಿ ಎಂದು ಕರೆಯತೊಡಗಿದವು. ಆದರೆ ಗೆಜೆಟ್ಟಿನ ಪ್ರಕಾರ ಕಾಯಿದೆ ಜಾರಿಗೆ ಬರುವುದು ಜುಲೈ ಒಂದರಂದು.

“ಪರೀಕ್ಷೆ ಯಾವತ್ತಮ್ಮ?”

“ಇಪ್ಪತ್ತಾರು, ಮಾವ.”

“ಇಪ್ಪತ್ತಾರರಿಂದ ಮೂವತ್ತರವರೆಗೆ ಎಷ್ಟು ದಿನ?”

“ಐದು.”

“ಆ ಐದು ದಿನ ಬಂದರೇ ರಾಜಧಾನಿ. ನೆನಪಿರಲಿ.”

“ಪ್ರಶ್ನೆ ಬರೆಯೋರು ಗೆಜೆಟ್ ಓದಿರ್ತಾರಾ ಮಾವ? ಪೇಪರ್ ಓದಿರ್ತಾರೆ, ಅಷ್ಟೆ.”

“ಅವರು ಓದದಿದ್ದರೆ ಅದು ಅವರ ತಪ್ಪು. ನೀನು ತಪ್ಪು ಬರೆದರೆ ಅದು ನನ್ನ ತಪ್ಪು.”

ಪರೀಕ್ಷೆಯ ದಿನ ಸಂಜೆ ಐದೂಕಾಲಿಗೆ ಅವಳು ಚಪ್ಪಲಿ ಬಿಡುತ್ತಿದ್ದಂತೆಯೇ ಅವರು ಕೇಳಿದ್ದರು: “ಹನ್ನೊಂದು ಬಂದಿತ್ತಾ? ನಾನು ಹೇಳಿದ ಹಾಗೆ ಬರೆದೆಯಾ?” ಅವಳು “ಹೂಂ ಮಾವ” ಎಂದು ಕೈಕಾಲು ತೊಳೆಯಲು ಹೋಗಿದ್ದಳು. ಪ್ರಶ್ನೆ, ಉತ್ತರ, ವೇಳೆ ಮೂರನ್ನೂ ಅವರು ದಿನಚರಿಯಲ್ಲಿ ದಾಖಲಿಸಿದ್ದರು. ಜುಲೈ ಒಂದರ ಬೆಳಿಗ್ಗೆ ಬಂದರಿನ ಕೆಂಪು ಚುಕ್ಕೆಯನ್ನು ಕೆರೆದು ಬೆಟ್ಟದ ಮೇಲೆ ಇಟ್ಟಿದ್ದರು, ಒಂದು ದಿನ ಮುಂಚೆಯೂ ಅಲ್ಲ.

ಈಗ ಜುಲೈ ಹನ್ನೊಂದರ ಪತ್ರಿಕೆಯಲ್ಲಿ ಮಂಡಳಿಯ ತಾತ್ಕಾಲಿಕ ಉತ್ತರಪಟ್ಟಿ ಬಂದಿತ್ತು. ನಲವತ್ತೇಳನೆಯ ಪ್ರಶ್ನೆ: ಹನ್ನೊಂದರ ರಾಜಧಾನಿ. ಉತ್ತರ: ಬೆಟ್ಟ. ಆಕ್ಷೇಪಣೆ ಇದ್ದರೆ ಯಾರು ಬೇಕಾದರೂ ಏಳು ದಿನದೊಳಗೆ ಸಲ್ಲಿಸಬಹುದು.

ಅಡುಗೆಮನೆಯಲ್ಲಿ ಸೊಸೆ ಏನೋ ಹಾಡು ಗುನುಗುತ್ತಿದ್ದಳು. ‘ಪಾಪ, ದುಃಖವನ್ನು ನುಂಗಿಕೊಂಡಿದ್ದಾಳೆ’ ಎಂದು ಮೇಷ್ಟ್ರು ಮರುಗಿದರು. ಅವಳಿಗೆ ತಿಳಿಯದ ಹಾಗೆಯೇ ಈ ಯುದ್ಧವನ್ನು ಗೆದ್ದುಕೊಟ್ಟು, ಫಲಿತಾಂಶದ ದಿನ ಹೇಳುವುದೆಂದು ನಿಶ್ಚಯಿಸಿದರು.

ಯುದ್ಧಕ್ಕೆ ಮೂಲ ಗೆಜೆಟ್ ಬೇಕಿತ್ತು. ಅಟ್ಟದ ಮೇಲಿನ ಆರು ಕಟ್ಟುಗಳನ್ನು ಇಳಿಸಿ, ಎರಡು ದಿನ ಸೀನಿ, ಹುಡುಕಿದರು. ಬೇಕಾದ ಹಾಳೆಯೊಂದೇ ಇರಲಿಲ್ಲ. ಮೂರನೆಯ ದಿನ ಅದು ಅಡುಗೆಮನೆಯ ಕಪಾಟಿನಲ್ಲಿ, ಡಬ್ಬಗಳ ಅಡಿಯಲ್ಲಿ ಹಾಸಿಗೆಯಾಗಿ ಸಿಕ್ಕಿತು. ಅವಸರದಲ್ಲಿ ಎಳೆದರು. ಹಾಳೆಯ ಹಿಂದೆಯೇ ಹಿಟ್ಟಿನ ಡಬ್ಬ, ಅದರ ಹಿಂದೆ ಉಪ್ಪಿನ ಜಾಡಿ, ಕೊನೆಗೆ ಎಣ್ಣೆಯ ಕ್ಯಾನು, ಹೀಗೆ ಹಿರಿತನದ ಕ್ರಮದಲ್ಲಿ ಇಳಿದು ಬಂದವು.

ಹೆಂಡತಿ ಬಾಗಿಲಲ್ಲಿ ನಿಂತು ನೆಲವನ್ನೂ ಗಂಡನನ್ನೂ ನೋಡಿದರು. ಎರಡೂ ಒಂದೇ ಬಣ್ಣವಾಗಿದ್ದವು.

“ಏನ್ರೀ ಇದು?”

“ಸಾಕ್ಷ್ಯ. ಅವಳ ಒಂದು ಅಂಕ ಇದರಲ್ಲಿದೆ.”

“‘ಕೆಲಸ ಸಿಗಬಹುದು ಅತ್ತೆ’ ಅಂತ ಅವಳು ನಿನ್ನೆ ತಾನೇ ಅಂದ್ಲು. ನೀವು ಸುಮ್ನಿದ್ರೆ ಸಾಕು.”

“ಬಹುದು ಅನ್ನೋದು ಅಂಕ ಅಲ್ಲ. ಒಂದು ಅಂಕದಲ್ಲಿ ನೂರು ಜನ ನಿಂತಿರ್ತಾರೆ, ಗೊತ್ತಾ?”

“ಗೊತ್ತಿಲ್ಲ. ಅವಳನ್ನ ಒಂದ್ಮಾತು ಕೇಳಿ.”

“ಕೇಳಿದ್ದೀನಿ. ಜೂನ್ ಇಪ್ಪತ್ತಾರು, ಐದೂಕಾಲು. ದಿನಚರಿಯಲ್ಲಿದೆ.”

ಅರ್ಜಿ ಏಳು ಪುಟಗಳಾಯಿತು, ಹತ್ತೊಂಬತ್ತು ಕಂಡಿಕೆಗಳು. ಲಗತ್ತಿಸಿದ ಗೆಜೆಟ್ ಹಾಳೆಯ ಎಣ್ಣೆ ಕಲೆಗೆ ಅಡಿಟಿಪ್ಪಣಿಯಲ್ಲಿ ವಿಷಾದ ಸೂಚಿಸಲಾಯಿತು. ಕೊನೆಯ ಕಂಡಿಕೆಯನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರು: ‘ಎರಡೂ ಉತ್ತರಗಳಿಗೆ ಅಂಕ ನೀಡಿ ಕೈತೊಳೆದುಕೊಳ್ಳುವ ಔದಾಸೀನ್ಯವನ್ನು ಮಾನ್ಯ ಮಂಡಳಿಯು ತೋರಬಾರದು. ಸರಿಯಾದುದು ಒಂದೇ.’

“ಬರೆದೋರಿಗೆಲ್ಲ ಕೊಟ್ರೆ ನಿಮಗೇನು ಹೋಗತ್ತೆ?” ಎಂದರು ಹೆಂಡತಿ, ನೆಲ ಉಜ್ಜುತ್ತಲೇ.

“ಸತ್ಯ ಹೋಗತ್ತೆ.”

“ಅದೇನು ನಮ್ಮನೇಲಿ ಬಾಡಿಗೆಗಿತ್ತಾ?”

ಜುಲೈ ಹದಿನಾಲ್ಕು, ಗುರುವಾರ, ಹನ್ನೊಂದೂ ಹತ್ತಕ್ಕೆ ಅರ್ಜಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಮುಂದಿನ ಏಳು ವಾರ ಸೊಸೆ ಗುನುಗುತ್ತಲೇ ಇದ್ದಳು, ಮೇಷ್ಟ್ರು ಅವಳ ಧೈರ್ಯವನ್ನು ಮೆಚ್ಚುತ್ತಲೇ ಇದ್ದರು.

ಸೆಪ್ಟೆಂಬರ್ ಐದು, ಸೋಮವಾರ, ಸಂಜೆ ಆರೂಮುಕ್ಕಾಲು. ಸೊಸೆ ಚೀಲ ಹೆಗಲಲ್ಲಿಟ್ಟುಕೊಂಡೇ ನಡುಮನೆಯಲ್ಲಿ ನಿಂತಿದ್ದಳು. ಕೈಯಲ್ಲಿ ಕಚೇರಿಯಲ್ಲಿ ಮುದ್ರಿಸಿಕೊಂಡ ಕಾಗದ.

“ನಲವತ್ತೇಳನೇ ಪ್ರಶ್ನೆ ಬದಲಾಯಿಸಿಬಿಟ್ಟಿದಾರೆ, ಅತ್ತೆ. ಬಂದರೇ ಸರಿಯಂತೆ.”

ಮೇಷ್ಟ್ರು ಕುರ್ಚಿಯಿಂದ ಎದ್ದರು. ಐವತ್ತು ವರ್ಷದ ಭೂಗೋಳ ಅವರೊಳಗೆ ಎದ್ದು ನಿಂತಿತು. “ಸರಿಯೇ ಮತ್ತೆ. ನಿನಗೆ ಒಂದು ಅಂಕ ಬಂತಲ್ಲಮ್ಮ.”

“ಹೋಯ್ತು, ಮಾವ. ನೂರ ನಲವತ್ತೆರಡಕ್ಕೆ ಕೊನೇ ಹುದ್ದೆ. ನನಗೆ ಅಷ್ಟೇ ಇತ್ತು. ಈಗ ನೂರ ನಲವತ್ತೊಂದು.”

“ಅದು ಹೇಗೆ?”

“ನಾನು ಬೆಟ್ಟ ಅಂತ ಬರೆದಿದ್ದೆ.”

ಮೇಷ್ಟ್ರು ದಿನಚರಿಯಲ್ಲಿ ಜೂನ್ ಇಪ್ಪತ್ತಾರರ ಪುಟ ತೆರೆದರು. “ನಾನು ಹೇಳಿದ ಹಾಗೆ ಬರೆದೆ ಅಂದೆಯಲ್ಲ? ಹೂಂ ಅಂದೆ.”

“ಇಲ್ಲ ಅಂದಿದ್ರೆ ಅವತ್ತು ಊಟಕ್ಕೆ ಬಿಡ್ತಿದ್ರಾ ಮಾವ? ಮೂರು ಗಂಟೆ ಪರೀಕ್ಷೆ ಬರೆದು ಬಂದಿದ್ದೆ, ಹಸಿವಾಗಿತ್ತು.” ಅವಳು ಕಾಗದವನ್ನು ಮಡಿಸತೊಡಗಿದಳು. ಮಡಿಕೆಗಳು ಕಚೇರಿಯ ನಕ್ಷೆಗಳಂತೆ ನೇರವಾಗಿದ್ದವು. “ಯಾರೋ ಒಬ್ಬ ಏಳು ಪುಟ ಬರೆದು ಕಳಿಸಿದಾನಂತೆ. ಎರಡಕ್ಕೂ ಕೊಡೋಣ ಅಂತಿದ್ರಂತೆ ಮಂಡಳಿಯವರು. ಕೊಡಬಾರದು ಅಂತ ಅದನ್ನೂ ಬರೆದಿದ್ನಂತೆ, ಪುಣ್ಯಾತ್ಮ. ಅವನ ಮನೇಲಿ ಕೆಲಸಕ್ಕೆ ಕಾಯೋರು ಯಾರೂ ಇಲ್ಲ ಅಂತ ಕಾಣತ್ತೆ.”

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಒಲೆಯ ಮೇಲಿನ ಪಾತ್ರೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಯಾರಿಗೂ ಅಲ್ಲವೆಂಬಂತೆ ಹೇಳಿದರು:

“ಅವನ ಅರ್ಜಿ ಮೇಲೆ ಎಣ್ಣೆ ಕಲೆ ಇತ್ತಾ ಅಂತ ಕೇಳ್ಬೇಕಿತ್ತು.”

ಸೊಸೆಗೆ ಅರ್ಥವಾಗಲಿಲ್ಲ. ಮೇಷ್ಟ್ರು ಬಾಯಿ ತೆರೆದರು. ಸರಿಯಾದ ಉತ್ತರ ಗೊತ್ತಿದ್ದೂ ಹೇಳಲಾಗದೆ ನಿಂತ ವಿದ್ಯಾರ್ಥಿಗಳನ್ನು ಅವರು ಜೀವಮಾನವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದರು. ಅಂದು ಊಟ ಬೇಡವೆಂದು ಮಲಗಿದರು.

ಆಮೇಲೆ ನಡೆದದ್ದು ಇಷ್ಟು. ಸೆಪ್ಟೆಂಬರ್ ಮೂವತ್ತು, ಶುಕ್ರವಾರ, ಸೊಸೆಗೆ ಮೂವತ್ತೈದು ತುಂಬಿತು. ಅಕ್ಟೋಬರ್ ಹನ್ನೆರಡು, ಬುಧವಾರ, ಬಿಸಿಲು ಚೆನ್ನಾಗಿತ್ತು. ಮಧ್ಯಾಹ್ನ ಹನ್ನೆರಡೂ ಐದಕ್ಕೆ ಮಂಡಳಿಯಿಂದ ರಿಜಿಸ್ಟರ್ಡ್ ಲಕೋಟೆ ಬಂತು. ಮೇಲ್ಗಡೆ ‘ಪ್ರಶ್ನೆ 47: ಆಕ್ಷೇಪಣೆದಾರರಿಗೆ ಪ್ರಶಂಸಾಪತ್ರ’ ಎಂದು ಅಚ್ಚಾಗಿತ್ತು. ಮೇಷ್ಟ್ರು ಸ್ನಾನದಲ್ಲಿದ್ದರು. ಕಚೇರಿಗೆ ರಜೆ ಹಾಕಿ ಮನೆಯಲ್ಲಿದ್ದ ಸೊಸೆ ಸಹಿ ಹಾಕಿ ತೆಗೆದುಕೊಂಡಳು, ಮೇಲಿನ ಅಚ್ಚನ್ನು ಒಮ್ಮೆ ಓದಿದಳು, ಲಕೋಟೆಯನ್ನು ಅವರ ದಿನಚರಿಯ ಮೇಲಿಟ್ಟಳು. ಮಾರ್ಚ್‌ನಲ್ಲಿ ಕೆಲಸ ಮುಗಿಯಿತೆಂದು ಕಾಗದ ಬಂತು, ಏಪ್ರಿಲ್‌ನಲ್ಲಿ ಮತ್ತೆ ಬನ್ನಿ ಎಂದು ಇನ್ನೊಂದು ಬಂತು. ಸಂಜೆ ಏಳಕ್ಕೆ ಗೋಡೆಯ ಮುಂದೆ ಈಗ ಯಾರೂ ನಿಲ್ಲುವುದಿಲ್ಲ.

ಅಂಚೆಯವನು ಮರೆತು ಬಿಟ್ಟುಹೋದ ಸ್ವೀಕೃತಿ ಚೀಟಿ ಮೇಷ್ಟ್ರ ಬಳಿ ಇದೆ. ಸೊಸೆ ಸಹಿಯ ಕೆಳಗೆ ದಿನಾಂಕ ಬರೆದಿಲ್ಲ. ಗಂಟೆ ನಿಮಿಷವನ್ನೂ ದಿನಚರಿಯಲ್ಲಿ ದಾಖಲಿಸುವ ಅವರೂ ಬರೆಯಲಿಲ್ಲ.