ನಿಮ್ಮ ಕೆಲಸ ಮಾತ್ರ ನೀವು ಮಾಡ್ರಿ

ಪ್ರೋಗ್ರಾಂ ಬರಿಯೋರ ಬಾಳೇ ಹಿಂಗ. ಇಲ್ಲಿ ಒಂದು ಮೊಳಿ ಹೊಡದ್ರ ಅಲ್ಲೆಲ್ಲೋ ಗ್ವಾಡಿ ಬೀಳ್ತೈತಿ, ಬಿದ್ದದ್ದು ಯಾವಾಗ್ಲೂ ನಮ್ಮ ತಲಿ ಮ್ಯಾಲೇ. ಬಳ್ಳಾರ್ಯಾಗ ನನ್ನದೊಂದು ಸಣ್ಣ ಆಫೀಸ್ ಐತಿ. ಕೆಲಸ ಮಾಡೋನೂ ನಾನೇ, ಬೈಸಿಕೊಳ್ಳೋನೂ ನಾನೇ. ಬೈಸಿಕೊಂಡಿದ್ರಾಗ ಮೂರು ಮಾತ್ರ ಮರಿಯಾಕ ಆಗವಲ್ದು.

ಊಟದ ಗಂಟಿ

ಜೀನ್ಸ್ ಹೊಲಿಯೋ ಯೂನಿಟ್ಟಿನೋರು ಮೊದಲ ಕೆಲಸ ಕೊಟ್ರು. ಕಂಪ್ಯೂಟರ್ ಊಟದ ಗಂಟಿ ಬಾರಿಸಬೇಕು, ಪ್ಯಾಂಟಿಗೆ ಸೊಂಟದ ಅಳತಿ ಲೇಬಲ್ ಪ್ರಿಂಟ್ ಮಾಡಬೇಕು. ಊಟ ಒಂದು ಗಂಟಿ ಮೂವತ್ತು ನಿಮಿಷಕ್ಕ, ಸೊಂಟ ಮೂವತ್ತು ಇಂಚು. ಎರಡೂ ಮೂವತ್ತೇ ಅಲ್ಲೇನು, ಎರಡು ಕಡಿ ಯಾಕ ಬರೀಬೇಕು ಅಂತ ಒಂದೇ ಕಡಿ ಬರದು, ಎರಡಕ್ಕೂ ಅಲ್ಲಿಂದ್ಲೇ ಕೊಂಡಿ ಹಾಕಿದೆ. ಭಾರೀ ಶಾಣ್ಯಾ ಅದೀನಿ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದಿನ ಅಲ್ಲಿನ ಸೂಪರ್‌ವೈಸರ್ ಅಕ್ಕ ಫೋನ್ ಮಾಡಿದ್ರು. "ಆರ್ಡರ್ ಜೋರೈತ್ರಿ ಸರ, ಊಟ ಒಂದೂಮುಕ್ಕಾಲಿಗೆ ಮಾಡ್ರಿ." ಇಷ್ಟೇ ಅಲ್ಲೇನು ಅಂತ ಮೂವತ್ತು ತಗದು ನಲವತ್ತೈದು ಹಾಕಿದೆ.

ಸಂಜಿಗೆ ಮತ್ತ ಫೋನು. ಮೂವತ್ತರ ಪ್ಯಾಂಟಿಗೆಲ್ಲಾ ನಲವತ್ತೈದರ ಲೇಬಲ್ ಬಿದ್ದು, ಹೊಲದು ಮಡಚಿ ಡಬ್ಬಿಗೂ ತುಂಬ್ಯಾರ. ಆ ಅಕ್ಕ ಬೈಲಿಲ್ಲ. ಶಾಂತವಾಗಿ ಕೇಳಿದ್ರು: "ಸರ, ಹದಿನೈದು ನಿಮಿಷ ಲೇಟಾಗಿ ಉಂಡ್ರ ಸೊಂಟ ಹದಿನೈದು ಇಂಚು ಏರತೈತೇನ್ರಿ?"

ಹಸಿ ಮಾಲು

ಈ ಕತಿನ ಬಳ್ಳಾರಿ ಕಾಲೇಜಿನ್ಯಾಗ ಕಂಪ್ಯೂಟರ್ ಕಲಿಸೋ ಒಬ್ಬಾಕಿಗೆ ಹೇಳಿದೆ, ನಗ್ತಾಳ ಅಂತ. ಆಕಿ ನಗಲಿಲ್ಲ. "ಒಂದು ತುಂಡು ಒಂದೇ ಕೆಲಸ ಮಾಡಬೇಕ್ರಿ. ಅದನ್ನ ಮುಟ್ಟಿದ್ರ ಪಕ್ಕದ್ದು ಅಳ್ಳಾಡಬಾರದು. ಇಷ್ಟೂ ಗೊತ್ತಿಲ್ಲೇನು?" ಅಂದ್ಲು. ಆಕಿ ಬೈದ ರೀತಿಗೇ ನಾನು ಮನಸು ಕೊಟ್ಟೆ. ಸ್ವಲ್ಪ ದಿನಕ್ಕ ಆಕಿನೂ ಹೂಂ ಅಂದ್ಲು.

ಇನ್ನ ಒಪ್ಪಬೇಕಾದೋರು ಆಕಿ ಅಪ್ಪ, ಸಿರುಗುಪ್ಪದಾಗ ರೈಸ್ ಮಿಲ್ಲಿನ ಸಾವಕಾರ್ರು. ನನ್ನ ಗ್ರಹಚಾರ, ಆ ಮಿಲ್ಲಿನ ಪ್ರೋಗ್ರಾಮೂ ನಂದೇ ಇತ್ತು. ಟ್ರ್ಯಾಕ್ಟರ್ ಗೇಟಿನ ಕಾಟಾ ಏರಿದ್ರ ತೂಕ ಆಗಬೇಕು, ನೆಲ್ಲು ಹಸಿ ಇದ್ರ ಮೈಕು ಕೂಗಿ ಹೇಳಬೇಕು. ತೂಕ, ಹಸಿ-ಒಣ ಪರೀಕ್ಷೆ, ಮೈಕು ಮೂರನ್ನೂ ಒಂದರ ಬಾಲಕ್ಕ ಒಂದು ಕಟ್ಟಿದ್ದೆ. ಪರೀಕ್ಷೆ ಆಗದ ಗಾಡಿ ಏರಿದ್ರ ಮೈಕು ಹಿಂದಿನ ಗಾಡೀದೇ ಫಲಿತಾಂಶ ಕೂಗೋದು.

ಹೆಣ್ಣು ಕೇಳಾಕ ಅಪ್ಪ, ಅವ್ವನ್ನ ಕರಕೊಂಡು ಜೀಪಿನ್ಯಾಗ ಹೋದೆ. ಸಾವಕಾರ್ರ ಮನಿ ಮಿಲ್ಲಿನ ಹಿಂದೈತಿ, ದಾರಿ ಕಾಟಾದ ಮ್ಯಾಲೇ. ನಮ್ಮ ಮುಂದ ಹಚ್ಚೊಳ್ಳಿ ಊರಿನ ಟ್ರ್ಯಾಕ್ಟರ್ ಹಸಿ ನೆಲ್ಲು ತಂದಿತ್ತು. ಅದು ಇಳೀತು, ನಾವು ಏರಿದ್ವಿ. ಇಡೀ ಓಣಿಗೆ ಕೇಳೋಹಂಗ ಮೈಕು ಕೂಗ್ತು: "ಮಾಲು ಹಸಿ ಐತಿ! ವಾಪಸ್ ಒಯ್ಯಿರಿ!"

ಅಪ್ಪನ ಮೀಸಿ ಕುಣೀತು. "ಹೆಣ್ಣು ಕೇಳಾಕ ಬಂದೋರಿಗೆ ಮೈಕಿನ್ಯಾಗ ಹಿಂಗಂತಾರೇನಲೇ? ತಿರುಗಿಸು ಜೀಪು!" ಅಷ್ಟರಾಗ ಸಾವಕಾರ್ರೇ ಓಡಿಬಂದು ಕೈ ಮುಗದು ಒಳಗ ಕರಕೊಂಡ್ರು. ಹಿಂಗಿಂಗಾತ್ರಿ ಅಂತ ನಾನು ತೊದಲಿದೆ. ಅವ್ರು ನನ್ನ ತಲಿಯಿಂದ ಕಾಲಿನ ತನಕ ನೋಡಿ ಅಪ್ಪಗ ಅಂದ್ರು: "ಮೈಕು ಸುಳ್ಳೇನೂ ಹೇಳಿಲ್ಲ ಬಿಡ್ರಿ. ಈ ಮಾಲನ್ನ ಇನ್ನಾ ಸ್ವಲ್ಪ ಬಿಸಲಿಗೆ ಹಾಕಬೇಕು."

ಟೈಮಿಗೆ ಮುಟ್ಟಿದ ಕಾರು

ಸಾವಕಾರ್ರು ನನ್ನ ಬಿಸಲಿಗೆ ಹಾಕೇಬಿಟ್ರು! "ಈ ಸುಗ್ಗಿ ಪೂರ್ತಿ ಪ್ರೋಗ್ರಾಂ ತಪ್ಪಬಾರದು, ಆಮ್ಯಾಲೆ ಮದುವಿ ಮಾತು" ಅಂದ್ರು. ಹಳೇದನ್ನೆಲ್ಲಾ ಕಿತ್ತಿ ಒಗದು, ಆಕಿ ಹೇಳಿದಂಗ ತುಂಡು ತುಂಡು ಮಾಡಿ ಬರದೆ. ಮೈಕು ಕೆಟ್ರೂ ಕಾಟಾ ನಡೀತು, ಕಾಟಾ ನಿಂತ್ರೂ ಮೈಕು ಸುಳ್ಳು ಕೂಗಲಿಲ್ಲ. ಸುಗ್ಗಿ ಸುಸೂತ್ರ ಮುಗೀತು.

ಕುರುಗೋಡಿನ ಕಲ್ಯಾಣ ಮಂಟಪದಾಗ ಮದುವಿ ಅಂತ ನಿಕ್ಕಿ ಆತು. ಆದ್ರೂ ಸಾವಕಾರ್ರ ಬಾಯಾಗ ಅಳಿಯ ಅನ್ನೋ ಮಾತು ಬರಲಿಲ್ಲ. "ಮದುವಿ ಏರ್ಪಾಡೂ ನೀನೇ ಮಾಡು. ಮನಿ ನಡಸೋ ತಾಕತ್ತು ಐತೋ ಇಲ್ಲೋ ನೋಡೇಬಿಡೋಣು" ಅಂದ್ರು.

ನನಗ ಹುರುಪು ಬಂತು. ಮಿಲ್ಲಿನ್ಯಾಗ ನಡದಿದ್ದು ಮದುವ್ಯಾಗ ಯಾಕ ನಡಿಯಂಗಿಲ್ಲ? ಅಡಿಗಿಯೋರು, ವಾಲಗದೋರು, ಫೋಟೋದೋನು, ಕಾರಿನ ಡ್ರೈವರ್, ಎಲ್ಲಾರನ್ನೂ ಬ್ಯಾರೆ ಬ್ಯಾರೆ ಕರದು, ಟೈಮು ಕೊಟ್ಟು, "ನಿಮ್ಮ ಕೆಲಸ ಮಾತ್ರ ನೀವು ಮಾಡ್ರಿ. ಪಕ್ಕದವ್ರ ದಾರಿ ಕಾಯಬ್ಯಾಡ್ರಿ, ಯಾರನ್ನೂ ಕೇಳಾಕ ಹೋಗಬ್ಯಾಡ್ರಿ" ಅಂದೆ. ಮದುಮಗಳು ಎಚ್ಚರಿಸಿದ್ಲು: "ಸಂಬಂಧ ಕಡಿಮಿ ಇರ್ಲಿ ಅಂದ್ರ ಪೂರ್ತಿ ಹರಕೋ ಅಂತಲ್ರೀ." ನಾನು ಎಲ್ಲಿ ಕೇಳ್ತೀನಿ!

ಮದುವಿ ದಿನ ನೆಂಟರ ಬಸ್ಸು ಮುಂಜಾನೇನೇ ಹೋತು. ನಾನು ಪೇಟ ಸುತ್ತಿಕೊಂಡು ಬಳ್ಳಾರಿ ಮನಿ ಬಾಗಲದಾಗ ಕಾರಿಗೆ ಕಾದೆ, ಕಾದೆ. ಕಡೀಗೆ ಡ್ರೈವರಿಗೆ ಫೋನ್ ಹಚ್ಚಿದೆ.

"ಎಲ್ಲಿದ್ದೀಯಪಾ?"

"ಕುರುಗೋಡು ಮುಟ್ಟೀನ್ರಿ ಸರ! ಕಾರಿಗೆ ಹೂವು ಕಟ್ಟಿಸಿ ಹೇಳಿದ ಟೈಮಿಗೆ ತಂದೀನಿ. ಒಂದು ಎಸಳೂ ಉದುರಿಲ್ಲ."

"ಲೇ, ನಾನು?"

"ನಿಮ್ಮ ಬಗ್ಗೆ ನನಗ ಯಾರೂ ಏನೂ ಹೇಳಿಲ್ರಿ."

ಓಡಿಹೋಗಿ ಬಸ್ಸು ಹತ್ತಿದೆ. ಕಂಡಕ್ಟರ್ ಪೇಟ ನೋಡಿ, "ಮದುವಿ ಯಾರ್ದ್ರಿ?" ಅಂದ. "ನಂದೇ" ಅಂದೆ. ಬಸ್ಸಿಗೆ ಬಸ್ಸೇ "ಜಲ್ದಿ ಹೊಡಿಯಪಾ!" ಅಂತ ಒದರಾಕ ಹತ್ತಿತು. ದಾರ್ಯಾಗಿನ ಕೊಳಗಲ್ಲು ಊರಾಗ ಹತ್ತಾಕ ಬಂದಿದ್ದ ಒಬ್ಬ ಮುದುಕಿ, "ಮೊದ್ಲು ಈತನ್ನ ಮುಟ್ಟಸ್ರಿ, ನಾನು ಹಿಂದ ಬರೋ ಬಸ್ಸಿಗೆ ಬರ್ತೀನಿ" ಅಂತ ಇಟ್ಟ ಕಾಲು ಹಿಂದ ತಗದ್ಲು.

ಮಂಟಪಕ್ಕ ಏದುಸಿರು ಬಿಡ್ತಾ ನುಗ್ಗಿದೆ. ವಾಲಗದೋರು ಕೊಟ್ಟ ಟೈಮಿಗೆ ಗಟ್ಟಿಮೇಳ ಬಾರಿಸಿ ಡೋಲು ಕಟ್ಟಾಕ ಹತ್ತಿದ್ರು. ಮ್ಯಾಳ ಕೇಳಿ ಮಂದಿ ಅಕ್ಕಿಕಾಳು ಹಾಕಿ ಊಟಕ್ಕ ಕುಂತಿದ್ರು. ಫೋಟೋದೋನು ಖಾಲಿ ಕುರ್ಚಿಗೇ ಫೋಟೋ ಹೊಡದಿದ್ದ. ಮದುಮಗಳು ಒಬ್ಬಾಕೇ ಕುಂತು ತಲಿಯಾಗಿನ ಅಕ್ಕಿಕಾಳು ಆರಿಸ್ತಿದ್ಲು. ಮದುವಿ ಮಾಡಸೋ ಅಯ್ನೋರು ಮಾತ್ರ, "ಮುಹೂರ್ತ ಇನ್ನಾ ಐತಿ, ಬಾರಪಾ!" ಅಂತ ಕೈ ಬೀಸಿದ್ರು.

ಸಾವಕಾರ್ರು ಎದುರಿಗೆ ಬಂದ್ರು. ಮುಗೀತು ನನ್ನ ಕತಿ ಅಂತ ಕಣ್ಣು ಮುಚ್ಚಿದೆ. ಅವ್ರು ನನ್ನ ಪೇಟ ಸರಿಮಾಡಿ, ಹೆಗಲ ಮ್ಯಾಲೆ ಕೈ ಇಟ್ಟು ಅಂದ್ರು:

"ಭಾರೀ ಏರ್ಪಾಡು ಅಳಿಯಂದ್ರ! ನೀವಿಲ್ಲ ಅಂತ ನಿಮ್ಮ ಮದುವ್ಯಾಗ ಒಂದು ಕೆಲಸನೂ ನಿಂತಿಲ್ಲ ನೋಡ್ರಿ."