ನಮಸ್ಕಾರದ ವೇಳೆಗೆ ಹೊರಳಿದ ಹ್ಯಾಂಡಲ್ ಸಾಹೇಬರಿಗೆ

ಹಾನಗಲ್ಲ,
ದೀಪಾವಳಿ ಕಳೆದ ವಾರ, ೧೯೩೮

ಎರಡು ಭುಜಗಳಿಂದ ವಿರಾಜಿಸುವ, ನಿಕಲ್ಲಿನ ಹೊಳಪನ್ನು ಮೈತುಂಬ ಹೊದ್ದ, ಗಂಟೆಗೂ ದೀಪಕ್ಕೂ ಆಶ್ರಯ ಕೊಟ್ಟು ಸಾಕುತ್ತಿರುವ ಶ್ರೀಮನ್ಮಹಾ ಹ್ಯಾಂಡಲ್ ಸಾಹೇಬರ ಸನ್ನಿಧಾನಕ್ಕೆ, ತಮ್ಮ ಹಿಂದಿನ ಸೀಟಿನ ಮೇಲೆ ಕುಳಿತುಕೊಳ್ಳುವ ಭಾಗ್ಯ ಪಡೆದ ಕಚೇರಿ ಕಾರಕೂನ ಕರಬಸಪ್ಪನು ಮೊಣಕಾಲಿನ ಪಟ್ಟಿ ಬಿಚ್ಚದೆಯೇ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾನು ಕುಂಟುತ್ತ ಕ್ಷೇಮವಾಗಿದ್ದೇನೆ. ಅತ್ತ ತಾವು ರಿಪೇರಿ ಅಂಗಡಿಯ ಗೋಡೆಗೆ ಒರಗಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಮಾನ್ಯರೇ,

ಮನೆಯೊಳಗಿನ ಮಾತನ್ನು ಹೀಗೆ ಬಹಿರಂಗವಾಗಿ ಬರೆಯುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ನಾನು ಬಲ್ಲೆ. ಆದರೆ ತಾವು ನನ್ನನ್ನು ಕೆಡವಿದ್ದು ಹಿತ್ತಲಲ್ಲಿ ಅಲ್ಲ, ನಡುಪೇಟೆಯಲ್ಲಿ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಂದ ಬಂದ ಅಷ್ಟೂ ಸೈಕಲ್ ಸವಾರರ ಸಮಕ್ಷಮ. ಬಿದ್ದದ್ದು ಬಹಿರಂಗವಾದ ಮೇಲೆ ಅತ್ತದ್ದೂ ಬಹಿರಂಗವಾಗಿಯೇ ಇರಲಿ.

ತಮಗೆ ಗೊತ್ತಿರುವಂತೆ, ನಮ್ಮ ಊರಿನ ವ್ಯಾಯಾಮ ಶಾಲೆಯವರು ನಾಲ್ಕೂ ಊರಿನ ಸವಾರರನ್ನು ಕೂಡಿಸಿ ಪೇಟೆಯೊಳಗೆ ಸೈಕಲ್ ಮೆರವಣಿಗೆ ತೆಗೆಯಬೇಕೆಂದು ಗೊತ್ತುಮಾಡಿದಾಗ, ಮುಂದಿನ ಸಾಲಿನಲ್ಲಿ ನಾನೇ ಇರಬೇಕೆಂದು ಯಾರೂ ಕೇಳಿಕೊಂಡಿರಲಿಲ್ಲ. ನಾನೇ ಹೋಗಿ ನಿಂತೆ. ನಲವತ್ತು ದಾಟಿದ ಮೇಲೆ, ಆನೆಕೆರೆಯ ದಂಡೆಯ ಮೇಲೆ, ಎಮ್ಮೆ ಮೈತೊಳೆಯುವವರೆಲ್ಲ ಕೈಕೆಲಸ ಬಿಟ್ಟು ನೋಡುತ್ತಿರುವಾಗ ಸೈಕಲ್ ಕಲಿತವನಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತೆಂದು ತಾವು ಕೇಳಬಹುದು. ಸೊಕ್ಕಿಗೆ ಹೊಟ್ಟೆಯ ಹಾಗೆ ಬೆಳೆಯಲು ಕಾರಣವೇ ಬೇಕಿಲ್ಲ ಸ್ವಾಮಿ.

ಸಿದ್ಧತೆಯಲ್ಲಿ ನಾನು ಕೊರತೆ ಮಾಡಿದೆನೆಂದು ತಾವು ಹೇಳುವಂತಿಲ್ಲ. ಎರಡೂ ಗಾಲಿಗೆ ಗಾಳಿ ಹೊಡೆಸಿದೆ, ಚೈನಿಗೆ ಎಣ್ಣೆ ಕುಡಿಸಿದೆ, ತಮ್ಮನ್ನು ಬೂದಿ ಹಚ್ಚಿ ತಿಕ್ಕಿ, ತಮಗೆ ವಿಭೂತಿ ಇಟ್ಟು, ಚೆಂಡುಹೂವಿನ ಸರ ಕಟ್ಟಿದೆ. ಧೋತರದ ಅಂಚು ಚೈನಿಗೆ ಸಿಗದಂತೆ ಕ್ಲಿಪ್ಪು ಹಾಕಿಕೊಳ್ಳಬೇಕೆಂದು ಹೇಳಿದ್ದರು. ಹೊಸ ಧೋತರಕ್ಕೆ ಕಲೆಯಾದೀತೆಂದು ಕ್ಲಿಪ್ಪನ್ನು ಕಿಸೆಯಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದೆ. ಮೆರವಣಿಗೆಯ ಮುಖಂಡರಾದ ಸವಣೂರಿನ ಅರಿವೆ ವ್ಯಾಪಾರಿ ದಸ್ತಗೀರಸಾಬರು ಹಿಂದಿನ ರವಿವಾರ ಬಯಲಿನಲ್ಲಿ ನಮ್ಮನ್ನೆಲ್ಲ ಜೋಡಿ ಜೋಡಿಯಾಗಿ ತಿರುಗಿಸಿ, ಮುಂದಿನವನಿಗೂ ಹಿಂದಿನವನಿಗೂ ನಡುವೆ ಒಂದು ಚಕ್ಕಡಿ ಹಿಡಿಸುವಷ್ಟು ಜಾಗ ಬಿಡಬೇಕು, ನಿಲ್ಲುವುದಿದ್ದರೆ, ಹೊರಳುವುದಿದ್ದರೆ ಮೊದಲೇ ಕೈ ತೋರಿಸಬೇಕು, ಚಹಾದ ಅಂಗಡಿ ಕಂಡಿತೆಂದು ಗಕ್ಕನೆ ಇಳಿಯಬಾರದು ಎಂದೆಲ್ಲ ತಾಳ್ಮೆಯಿಂದ ಕಲಿಸಿದರು. ನನ್ನನ್ನು ಮಾತ್ರ ಬದಿಗೆ ಕರೆದು ಬೇರೆಯಾಗಿ ಒಂದು ಮಾತು ಹೇಳಿದರು: “ಕಾರಕೂನರ, ಎದುರಿಗೆ ಯಾರ ಬಂದ್ರೂ ಹ್ಯಾಂಡಲ್ ಮಾತ್ರ ಬಿಡಬ್ಯಾಡ್ರಿ.”

ಹೇಳುವುದು ಅವರಿಗೆ ಸುಲಭ. ಸಲಾಮಿಗೆ ಒಂದು ಕೈ ಸಾಕು. ಅವರು ಬಲಗೈಯನ್ನು ಹಣೆಗೆ ಮುಟ್ಟಿಸಿ, ಎಡಗೈಯಲ್ಲಿ ಹ್ಯಾಂಡಲ್ಲನ್ನು ಹಿಡಿದು, ಊರಿನವರಿಗೆಲ್ಲ ಆದಾಬು ಹೇಳುತ್ತ ಗಾಳಿಯಂತೆ ಸಾಗಿಹೋಗುತ್ತಾರೆ. ನಮ್ಮ ನಮಸ್ಕಾರಕ್ಕೆ ಎರಡು ಕೈ ಬೇಕು. ಹಿರಿಯರು ಎದುರಾದರೆ ಸೈಕಲ್ ಇಳಿದು, ಬದಿಗೆ ನಿಂತು, ಕೈಮುಗಿದು ಮುಂದೆ ಹೋಗುವುದು ನಮ್ಮ ಕಡೆಯ ಪದ್ಧತಿ. ಮೆರವಣಿಗೆಯ ಮುಂದಿನ ಸಾಲಿನವನು ಹಾಗೆ ಇಳಿದರೆ ಹಿಂದಿನ ಮೂರು ತಾಲೂಕು ಅವನ ಬೆನ್ನಿನ ಮೇಲೆ ಏರುತ್ತದೆ.

ಇದರಲ್ಲಿ ಅಳುವಂಥದ್ದೇನಿದೆ, ಅಂದು ಯಾರಿಗೂ ನಮಸ್ಕರಿಸದೆ ಸುಮ್ಮನೆ ಹೋಗಬಹುದಿತ್ತಲ್ಲ ಎಂದು ತಾವು ಕೇಳುವಿರಿ. ಕೇಳಬೇಡಿ. ನನ್ನ ಮಗಳು ವೀರವ್ವ ಮುಲ್ಕಿ ಪರೀಕ್ಷೆ ಪಾಸಾದವಳು. ಅಷ್ಟು ಓದಿದ ಹುಡುಗಿ ನಮಗೆ ಬೇಡವೆಂದು ಹಿಂದೆ ಸರಿದ ಮನೆಗಳೇ ಹೆಚ್ಚು. ಹೋದ ವರ್ಷ ಹಿರೇಕೆರೂರಿನ ಒಂದು ಮನೆಯವರು ಒಪ್ಪಿದ್ದರು. ಆದರೆ ಹುಡುಗನ ಸೋದರಮಾವ ದಾರಿಯಲ್ಲಿ ಎದುರಾದಾಗ ನಾನು ಒಂದು ಕೈಯನ್ನು ತಮ್ಮ ಸೇವೆಯಲ್ಲಿಟ್ಟು ಇನ್ನೊಂದನ್ನು ಮಾತ್ರ ಎತ್ತಿದೆ. ಒಂದೇ ಕೈ ಎತ್ತಿ ಹೋಗಲಿಕ್ಕೆ ನಾವೇನು ಇವನ ಹೊಲದ ಆಳುಗಳೇ ಎಂದು ಅವರು ಸಂಬಂಧವನ್ನೇ ಮುರಿದರು. ಅಂದಿನಿಂದ ವೀರವ್ವ ಎಂಟು ದಿನ ನನಗೆ ಬಡಿಸುವಾಗ ಮುಖ ಎತ್ತಿ ನೋಡಲಿಲ್ಲ. ಆ ಎಂಟು ದಿನದ ರೊಟ್ಟಿ ನನ್ನ ಗಂಟಲಿನಲ್ಲಿ ಇನ್ನೂ ಇದೆ.

ಈ ವರ್ಷ ಮಗನಿಗೆಂದು ಕೇಳಿಕೊಂಡು ಬಂದವರು ರಟ್ಟೀಹಳ್ಳಿಯ ಉಳಿವೆಪ್ಪನವರು. ಹುಡುಗ ಶಾಲೆಯ ಮಾಸ್ತರ. ಹೆಂಡತಿ ಓದಿದವಳೇ ಇರಲಿ ಎನ್ನುವ ಹುಡುಗ, ವೀರವ್ವನಿಗೂ ಮನಸ್ಸಾಗಿತ್ತು. ಹುಡುಗನ ತಂದೆಯವರದು ಮಾತ್ರ ಹಣೆಗಿಂತ ಮುಂದೆ ನಡೆಯುವ ಮಾನ. ಅವರು ಮೆರವಣಿಗೆಯ ದಿನವೇ ಹಾನಗಲ್ಲಿಗೆ ಬಂದು, ಪೇಟೆಯ ಕಾಳಿನ ಅಂಗಡಿಯ ಕಟ್ಟೆಯ ಮೇಲೆ ನಿಂತು ಮೆರವಣಿಗೆ ನೋಡಿ, ಸಂಜೆ ಮನೆಗೆ ಬಂದು ವರೋಪಚಾರದ ಹಣದ ಮಾತಾಡಿ, ಆಮೇಲೆ ಹೌದು ಅಲ್ಲ ಹೇಳುವುದಾಗಿ ತಿಳಿಸಿದ್ದರು. ನನ್ನ ಹೆಂಡತಿ ಸುಶೀಲವ್ವ ನನ್ನನ್ನು ದೇವರ ಮುಂದೆ ನಿಲ್ಲಿಸಿ ಅಂದಳು: “ಈ ಸಲ ಎರಡೂ ಕೈ ಎತ್ತಿ ಮುಗೀರಿ. ನೀವು ಬಿದ್ರ ಎಬ್ಬಿಸಬಹುದು, ಸಂಬಂಧ ಬಿದ್ರ ಯಾರು ಎಬ್ಬಸ್ತಾರ?”

ಹೀಗಾಗಿ ಅಂಗಳದಲ್ಲಿ ತಾಲೀಮು ನಡೆಯಿತು. ಸುಶೀಲವ್ವ ಹಿಂದಿನಿಂದ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಳು, ನಾನು ಸೀಟಿನ ಮೇಲೆ ಕುಳಿತು ಕೈಮುಗಿದೆ, ಕಟ್ಟೆಯ ಮೇಲೆ ಬೀಗರಾಗಿ ನಿಂತ ವೀರವ್ವ ಸೆರಗನ್ನು ರುಮಾಲಿನಂತೆ ಸುತ್ತಿಕೊಂಡು ಗಂಭೀರವಾಗಿ ತಲೆಯಲ್ಲಾಡಿಸಿ, ಆಮೇಲೆ ತಡೆಯಲಾರದೆ ನಕ್ಕಳು. ವರ್ಷದ ಮೇಲೆ ಕೇಳಿದ ನಗೆ ಅದು. ತಾವೂ ಆಗ ಎಷ್ಟು ನೇರವಾಗಿ ನಿಂತಿರಿ! ನಿಂತ ಸೈಕಲ್ಲಿನ ಹ್ಯಾಂಡಲ್ಲು ಹೊರಳುವುದಿಲ್ಲ ಎಂಬ ಸಣ್ಣ ಸಂಗತಿ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೆರವಣಿಗೆಯ ದಿನ ಪೇಟೆಯ ತಿರುವಿನವರೆಗೆ ನಾವು ದಂಡಿನ ಕುದುರೆಗಳಂತೆ ಸಾಗಿದೆವು. ಕಾಳಿನ ಅಂಗಡಿಯ ಕಟ್ಟೆಯ ಮೇಲೆ ಹಳದಿ ರುಮಾಲಿನ ಉಳಿವೆಪ್ಪನವರು ಕಂಡರು. ನನ್ನ ಮಗ್ಗುಲಲ್ಲಿದ್ದ ದಸ್ತಗೀರಸಾಬರು ಒಂದು ಕೈಯಿಂದ ಸಲಾಮು ಮಾಡಿ ದಾಟಿದರು. ಎರಡು ಕೈಯ ಸಾಲಗಾರನಾದ ನಾನು, ಮಗಳ ಮುಖ ನೆನೆದು, ತಮ್ಮ ಮೇಲೆ ಭಾರ ಹಾಕಿ, ಎರಡನ್ನೂ ಎತ್ತಿ ಎದೆಯ ಮುಂದೆ ಜೋಡಿಸಿದೆ.

ಪೂಜ್ಯರೇ, ನಾನು ತಮ್ಮಿಂದ ಕೇಳಿದ್ದೇನು? ಒಂದು ಉಸಿರಿನಷ್ಟು ಹೊತ್ತು ನೇರವಾಗಿ ನೋಡುವುದು. ಅದು ಕಷ್ಟವಾದರೆ, ದೇವರು ತಮಗೂ ಎರಡು ತೋಳು ಕೊಟ್ಟಿದ್ದಾನೆ, ಅವನ್ನೇ ಮುಂದಕ್ಕೆ ತಂದು ನನ್ನ ಪರವಾಗಿ ಕೈಮುಗಿಯಬಹುದಿತ್ತು. ಅದೂ ಆಗದಿದ್ದರೆ ಹೊರಳುವ ಮುನ್ನ, ನಿಯಮದ ಪ್ರಕಾರ, ಕೈ ತೋರಿಸಬಹುದಿತ್ತು. ತಾವು ಒಂದನ್ನೂ ಮಾಡದೆ ಎಡಕ್ಕೆ ಹೊರಳಿ, ನೇರವಾಗಿ ಬೀಗರಾಗಬೇಕಾದವರ ಕಟ್ಟೆಗೇ ನನ್ನನ್ನು ಒಯ್ದು ಒಪ್ಪಿಸಿ, ತಾವೂ ಅದಕ್ಕೆ ಬಡಿದು ಸೊಟ್ಟಗಾದಿರಿ. ಹಿಂದಿನವರು ದಸ್ತಗೀರಸಾಬರ ಮಾತಿನಂತೆ ಅಂತರ ಬಿಟ್ಟಿದ್ದರಿಂದ ಒಬ್ಬರ ಮೇಲೊಬ್ಬರು ಬೀಳದೆ ಚಂದಾಗಿ ನಿಂತರು. ಇಡೀ ಮೆರವಣಿಗೆಯಲ್ಲಿ ಬಿದ್ದವನು ನಾನೊಬ್ಬನೇ. ಬಿದ್ದ ಮೇಲೂ ನನ್ನ ಕೈಗಳು ಜೋಡಿಸಿದಂತೆಯೇ ಇದ್ದವಂತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಅದನ್ನು ನಾನು ಈಗಲೂ ಹೇಳಿಕೊಳ್ಳುತ್ತಿದ್ದೇನೆ.

ಏಳೋಣವೆಂದರೆ ಕ್ಲಿಪ್ಪಿಲ್ಲದ ಧೋತರವನ್ನು ಚೈನು ಅರ್ಧ ನುಂಗಿತ್ತು, ಕಾಲು ಪೆಡಲಿಗೂ ಚೈನಿಗೂ ನಡುವೆ ಸಿಕ್ಕಿತ್ತು. ಇನ್ನೊಂದು ಎಳೆತ ಎಳೆದರೆ ಧೋತರ ನನ್ನನ್ನು ಪೂರ್ತಿ ಬಿಟ್ಟುಹೋಗುವ ಹಾಗಿತ್ತು. ಆಗ ಗುಂಪಿನವರು ಬರುವ ಮೊದಲೇ ಕಟ್ಟೆಯಿಂದ ಒಬ್ಬರು ಇಳಿದು, ಧೂಳಿನಲ್ಲಿ ಮಂಡಿಯೂರಿ, ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಬಿಡಿಸತೊಡಗಿದರು. ಹಳದಿ ರುಮಾಲು ನನ್ನ ಪಾದದ ಮೇಲೆ ಬಾಗಿತ್ತು. ಗಂಡಿನ ತಂದೆ ಹೆಣ್ಣಿನ ತಂದೆಯ ಕಾಲು ಮುಟ್ಟುವುದುಂಟೇ! ಬ್ಯಾಡ್ರಿ, ಬ್ಯಾಡ್ರಿ ಎಂದು ನಾನು ಕಾಲೆಳೆದುಕೊಂಡಷ್ಟೂ ಅವರು ಗಟ್ಟಿಯಾಗಿ ಹಿಡಿದರು. ಪೇಟೆಗೆ ಪೇಟೆಯೇ ನಿಂತು ನೋಡಿತು. ಬಿಡಿಸಿದ ಮೇಲೆ ಅವರು ಕೈ ಕೊಡವಿ, ಗುಂಪನ್ನು ಸೀಳಿಕೊಂಡು ಹೊರಟುಹೋದರು.

ಮುಗಿಯಿತು, ಈ ಸಂಬಂಧವನ್ನೂ ನಾನೇ ಕೊಂದೆ ಎಂದುಕೊಂಡೆ. ಮನೆಯಲ್ಲಿ ವೀರವ್ವ ನನ್ನ ಮೊಣಕಾಲಿಗೆ ಅರಿಷಿಣ ಎಣ್ಣೆ ಹಚ್ಚುತ್ತ ಮತ್ತೆ ಮುಖ ತಗ್ಗಿಸಿದಳು. ಸಂಜೆ ಹೊಸ್ತಿಲಲ್ಲಿ ಚಪ್ಪಲಿಯ ಸಪ್ಪಳವಾಯಿತು. ಉಳಿವೆಪ್ಪನವರು ಒಳಗೆ ಬಂದು, ನನಗೆ ಏಳಬಾರದೆಂದು ಸನ್ನೆ ಮಾಡಿ, ಚಾಪೆಯ ಮೇಲೆ ನನ್ನೆದುರೇ ಕುಳಿತು, ರುಮಾಲು ಸರಿಮಾಡಿಕೊಂಡು ಅಂದರು: “ಬೀಗರ, ನಾ ನಿಮ್ಮ ಕಾಲಾಗ ಕುಂತದ್ದನ್ನ ಇಡೀ ಪ್ಯಾಟಿ ನೋಡೇತಿ. ಇನ್ನ ನೀವು ಹೆಣ್ಣು ಕೊಡೂದಿಲ್ಲ ಅಂದ್ರ ನಾ ಯಾವ ಮಾರಿ ಹೊತ್ತು ರಟ್ಟೀಹಳ್ಳಿಗೆ ಹೋಗ್ಲಿ?”

ಕೊಡುತ್ತೇನೆಂದು ಹೇಳುವ ಮೊದಲೇ ನನಗೆ ಅಳು ಬಂತು. ಸುಶೀಲವ್ವ ಒಳಗಿನಿಂದಲೇ ಹೂಂ ಅಂದಳು. ವರೋಪಚಾರದ ಮಾತನ್ನು ಅವರು ಎತ್ತಲಿಲ್ಲ, ಕಾಲು ಹಿಡಿದವರಿಗೆ ಕೈ ಚಾಚಲು ಸಂಕೋಚವಾಗಿರಬೇಕು. ನೆನಪು ಮಾಡಿಕೊಡುವಷ್ಟು ದಡ್ಡನು ನಾನೂ ಅಲ್ಲ.

ಆದುದರಿಂದ ತಮ್ಮ ಮೇಲೆ ಹೊರಿಸಿದ ಎಲ್ಲ ದೂರುಗಳನ್ನು ಎತ್ತಿಹಿಡಿಯುತ್ತಲೇ, ತಮಗೆ ಈ ಮೂಲಕ ಮನಃಪೂರ್ವಕ ಕೃತಜ್ಞತೆಗಳನ್ನೂ ಸಲ್ಲಿಸುತ್ತೇನೆ. ಎರಡನ್ನೂ ಸ್ವೀಕರಿಸಿ ಆದಷ್ಟು ಬೇಗ ನೇರವಾಗಬೇಕೆಂದು ಬೇಡಿಕೊಳ್ಳುವ,

ತಮ್ಮ ವಿಶ್ವಾಸಿ, ಆದರೆ ಇನ್ನು ಮುಂದೆ ನಡೆದೇ ಹೋಗುವ,
ಕರಬಸಪ್ಪ, ಕಾರಕೂನ

ತಾ.ಕ.: ತಮ್ಮನ್ನು ನೇರ ಮಾಡಿಸುವ ಕೆಲಸ ಸದ್ಯಕ್ಕೆ ನಿಂತಿದೆ. ಊರಿನಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿರುವ ತಂದೆಯರು ದಿನಕ್ಕೊಬ್ಬರಂತೆ ಮನೆಗೆ ಬಂದು, ಸೈಕಲ್ಲನ್ನು ಒಂದು ದಿನದ ಮಟ್ಟಿಗೆ ಕೊಡುವಿರಾ, ಹ್ಯಾಂಡಲ್ಲು ಈಗ ಹೇಗಿದೆಯೋ ಹಾಗೆಯೇ ಇರಲಿ ಎಂದು ಕೇಳಿಕೊಳ್ಳುತ್ತಿದ್ದಾರೆ.